ಓಕ್ ಹೊಗೆಯ ವಾಸನೆ

ಬೆಳಗಿನ ಏಳು ಗಂಟೆಗೆ ಎರ್ವಿನ್ ಮಾರೆಕ್ ಒಂದು ಓಕ್ ಕೊರಡನ್ನು ತಂದು ಹೆಂಡತಿಯ ಮೂಗಿನ ಕೆಳಗೆ ಹಿಡಿದು, "ಮೂಸು" ಎಂದ.

ಲಾವಾನ್ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಬಾಯಲ್ಲಿದ್ದ ಕ್ಲಿಪ್ಪು ತೆಗೆದು ಗಂಡನನ್ನು ನೋಡಿದಳು. ಮಾಂಸಕ್ಕೆ ಹೊಗೆ ಕೊಡುವ ಕಬ್ಬಿಣದ ಗೂಡಿನಿಂದ ಅವಳು ಹತ್ತು ಅಡಿ ಆಚೆಗೇ ನಿಲ್ಲಬೇಕು. ಮದುವೆಯಾದಾಗಿನಿಂದ ಅವನು ಹಾಕಿದ್ದ ಕಟ್ಟಳೆ ಅದು.

"ಏನಪ್ಪಾ, ಇಷ್ಟು ವರ್ಷ ಆದ್ಮೇಲೆ ಹೂವು ತರ್ತೀಯ ಅಂದ್ಕೊಂಡಿದ್ದೆ. ಸೌದೆ ತಂದ್ಯಾ?"

"ತಮಾಷೆ ಬೇಡ ಕಣೇ. ಮೊನ್ನೆ ಮಳೇಲಿ ನೆನೆದಿತ್ತು. ಬೂಷ್ಟು ವಾಸನೆ ಬರ್ತಿದೆಯಾ ಹೇಳು."

"ಬರ್ತಿದೆ. ಎಸೀ ಅತ್ಲಾಗೆ. ನಿನ್ನ ಮೂಗಿಗೇನಾಗಿದೆ?"

"ನೆಗಡಿ" ಎಂದು ಎರ್ವಿನ್ ಹೊರಟೇಹೋದ.

ಅವತ್ತು ಅವನು ತಲೆಕೆಡಿಸಿಕೊಳ್ಳಲು ಕಾರಣವಿತ್ತು. ಸಂಜೆ ಆರಕ್ಕೆ ತಮ್ಮ ಡೆಲ್ಬರ್ಟ್ ಊಟಕ್ಕೆ ಬರುವವನಿದ್ದ. ಮುಂದಿನ ತಿಂಗಳು ಟೆಕ್ಸಸ್‌ನ ಮೂಲೆಮೂಲೆಯಿಂದ ಮಾರೆಕ್ ಮನೆತನದವರೆಲ್ಲ ಬಂದು ಚರ್ಚಿನ ಹಾಲ್‌ನಲ್ಲಿ ಸೇರುತ್ತಾರೆ. ಆ ಕೂಟಕ್ಕೆ ಬ್ರಿಸ್ಕೆಟ್, ಅಂದರೆ ದನದ ಎದೆಮಾಂಸ, ಬೇಯಿಸುವ ಹಕ್ಕು ಅಪ್ಪನ ನಂತರ ಎರ್ವಿನ್‌ನದು. ಆದರೆ ಡೆಲ್ಬರ್ಟ್ ಸ್ವಿಚ್ ಒತ್ತಿದರೆ ತಾನೇ ಹೊಗೆಯಾಡುವ ಹೊಸ ಗೂಡೊಂದನ್ನು ಕೊಂಡು, "ಈ ಸಲ ನಂಗೆ ಬಿಟ್ಟುಕೊಡು. ನಾನು ನಿದ್ದೆ ಮಾಡ್ತಾನೇ ಬೇಯಿಸ್ತೀನಿ" ಎಂದು ಕಾಡುತ್ತಿದ್ದ. ಇವತ್ತಿನ ಊಟದಲ್ಲಿ ಅದು ತೀರ್ಮಾನವಾಗಬೇಕು. ಎರ್ವಿನ್ ನಾಲ್ಕಕ್ಕೇ ಎದ್ದು ಬೆಂಕಿ ಹಾಕಿ, ಉಪ್ಪು ಮೆಣಸು ಸವರಿದ ಮಾಂಸದ ದೊಡ್ಡ ತುಂಡನ್ನು ಗೂಡಿನೊಳಗೆ ಮಲಗಿಸಿದ್ದ.

ಹತ್ತು ಗಂಟೆಯ ಹೊತ್ತಿಗೆ ಲಾವಾನ್ ಸೀದ ವಾಸನೆ ಹಿಡಿದು ಕೋಳಿಗೂಡಿನ ಹತ್ತಿರದಿಂದ ಓಡಿಬಂದಳು. ಅಡುಗೆಮನೆಯಲ್ಲಿ ಬೀನ್ಸ್ ಪಾತ್ರೆ ತಳಹಿಡಿದು ಸೀಯುತ್ತಿತ್ತು. ಒಲೆಗೆ ಬೆನ್ನುಹಾಕಿ, ಎರಡೇ ಹೆಜ್ಜೆ ದೂರದಲ್ಲಿ, ಎರ್ವಿನ್ ನೆಮ್ಮದಿಯಾಗಿ ಚಾಕು ಮಸೆಯುತ್ತಿದ್ದ.

ಅವಳು ಒಲೆ ಆರಿಸಿದಳು. "ಯಾವತ್ತಿಂದ?"

ಅವನು ಚಾಕು ಕೆಳಗಿಟ್ಟ. "ಫೆಬ್ರವರೀಲಿ ಜ್ವರ ಬಂತಲ್ಲ, ಆವತ್ತಿಂದ. ಸೌದೆ, ಕಾಫಿ, ನಿನ್ನ ಸೋಪು, ಯಾವುದ್ರ ವಾಸನೇನೂ ಇಲ್ಲ ಲಾವಾನ್. ಉಪ್ಪು, ಸಿಹಿ ಅಂತ ಗೊತ್ತಾಗುತ್ತೆ, ಅಷ್ಟೇ. ಏನ್ ತಿಂದ್ರೂ ಒದ್ದೆ ರಟ್ಟು ಅಗಿದಂಗಿರುತ್ತೆ."

"ಮತ್ತೆ ನಿನ್ನೆ ನನ್ನ ಪೀಚ್ ಪೈ ತಿಂದು ಆಹಾ ಓಹೋ ಅಂದ್ಯಲ್ಲೋ?"

"ನೋಡಕ್ಕೆ ಚೆನ್ನಾಗಿತ್ತು."

ಬೈಯಬೇಕೆಂದು ಬಾಯಿ ತೆರೆದವಳಿಗೆ ನಗು ಬಂತು. ಅವನು ನಗಲಿಲ್ಲ. "ಡೆಲ್ಬರ್ಟಿಗೆ ಮಾತ್ರ ಹೇಳ್ಬೇಡ" ಎಂದ. ಆ ದನಿ ಕೇಳಿ ಅವಳ ನಗು ನಿಂತಿತು. ಒಂದು ಮಡಚುವ ಕುರ್ಚಿ ಎತ್ತಿಕೊಂಡು ಹಿತ್ತಲಿಗೆ ನಡೆದಳು. "ದೊರೆಗಳ ಗೂಡಿನ ಹತ್ರ ಕೂತ್ಕೋಬಹುದಾ?"

"ಕೂತ್ಕೋ ಮಾರಾಯ್ತಿ."

ಮಧ್ಯಾಹ್ನ ಮಾಂಸ ಮೊಂಡು ಹಿಡಿಯಿತು. ಎರಡು ತಾಸು ಕಳೆದರೂ ಅದಕ್ಕೆ ಚುಚ್ಚಿದ್ದ ಥರ್ಮಾಮೀಟರ್ ಒಂದು ಗೆರೆಯೂ ಮೇಲೇರಲಿಲ್ಲ. ಪ್ರತಿ ಸಲವೂ ಹೀಗೇ ಆಗುತ್ತದೆ, ಕಾಯಬೇಕು ಎಂದು ಊರಿಗೆಲ್ಲ ಹೇಳುತ್ತಿದ್ದ ಎರ್ವಿನ್‌ಗೇ ಇವತ್ತು ಧೈರ್ಯ ಸಾಲದೆ, ಇನ್ನೆರಡು ಕೊರಡು ತುರುಕಲು ಹೋದ.

"ಬೇಡ, ಬಿಡು. ಈಗ ಹೊಗೆ ಹದವಾಗಿದೆ. ತುರುಕಿದ್ರೆ ಘಾಟು ಹೊಡೆಯುತ್ತೆ."

"ಅದೆಲ್ಲ ನಿಂಗೆ ಹೇಗೆ ಗೊತ್ತು?"

"ನಿನ್ನ ಕಟ್ಟಳೆ ನಂಗಿತ್ತು, ಹೊಗೆಗೆ ಇತ್ತಾ? ಪ್ರತಿ ಶನಿವಾರ ಬಂದು ನನ್ನ ಬೆಡ್‌ಶೀಟ್ ಮೇಲೆ ಕೂತ್ಕೋತಿತ್ತು."

ಎರ್ವಿನ್ ಕೊರಡುಗಳನ್ನು ಕೆಳಗಿಟ್ಟ. ಎರಡೂವರೆಗೆ ಲಾವಾನ್ ಮೂಗೆತ್ತಿ, "ಬೆಣ್ಣೇಲಿ ಬಾದಾಮಿ ಹುರಿದಂಗೆ ವಾಸನೆ ಬರ್ತಿದೆ ನೋಡು" ಎಂದಳು. ಹದ ಬಂತೆಂದು ತಿಳಿದು ಅವನು ಮಾಂಸವನ್ನು ಹೊರತೆಗೆದು, ರಸ ಆರದಂತೆ ಕಂದು ಕಾಗದದಲ್ಲಿ ಸುತ್ತಿ ಮತ್ತೆ ಒಳಗಿಟ್ಟ.

ಡೆಲ್ಬರ್ಟ್ ಆರಕ್ಕೆ ಸರಿಯಾಗಿ ಬಂದ. "ಇನ್ನೂ ಸೌದೆ ಕಾಲದಲ್ಲೇ ಇದೀಯಾ?" ಎನ್ನುತ್ತಲೇ ಕುರ್ಚಿ ಎಳೆದುಕೊಂಡ. ಎರ್ವಿನ್ ಹೋಳು ಮಾಡತೊಡಗಿದ. ಮೊದಲ ಹೋಳು ಡೆಲ್ಬರ್ಟ್‌ನ ಬೆರಳ ಮೇಲೆ ಬಾಗಿತು, ಮುರಿಯಲಿಲ್ಲ; ಹದವಾಗಿ ಬೆಂದಿತ್ತು. ಅವನು ತಿಂದ. ಇನ್ನೊಂದು ತಿಂದ. ಮೂರನೆಯದಕ್ಕೆ ಕೈಹಾಕಿ, "ಹಾಳಾಗಿ ಹೋಗು! ಮುಂದಿನ ತಿಂಗಳೂ ನೀನೇ ಬೇಯಿಸು. ನಾನು ಬೀನ್ಸ್ ತರ್ತೀನಿ" ಎಂದ.

"ಬೀನ್ಸ್ ನೀನೇ ತರೋದು ಒಳ್ಳೇದು" ಎಂದಳು ಲಾವಾನ್.

ಡೆಲ್ಬರ್ಟ್ ತಣ್ಣನೆಯ ಚಹಾಕ್ಕೆ ಐಸ್ ತರಲು ಒಳಗೆ ಹೋದ. ಎರ್ವಿನ್ ಒಂದು ಹೋಳು ಬಾಯಿಗಿಟ್ಟ. ಗೆದ್ದವನ ಮುಖ ಅದಾಗಿರಲಿಲ್ಲ. ಸುಮ್ಮನೆ ಅಗಿದ, ಅಗಿದ, ಆಮೇಲೆ ಹೆಂಡತಿಯ ಕಡೆ ತಿರುಗಿ, ಮೆಲ್ಲಗೆ, "ಹೇಗಿದೆ?" ಎಂದು ಕೇಳಿದ.

ಅವನು ಹೀಗೆ ಕೇಳಿದ್ದು ಅದೇ ಮೊದಲು. ಲಾವಾನ್ ಒಂದು ತುಂಡು ಬಾಯಿಗೆ ಹಾಕಿಕೊಂಡಳು. "ಮೊದಲು ಮೆಣಸು. ಚುರುಕ್ ಅನ್ನುತ್ತೆ. ಆಮೇಲೆ ಕೊಬ್ಬು ಕರಗುತ್ತೆ. ಅದರ ಹಿಂದೆ ಹೊಗೆ, ನಿಮ್ಮಪ್ಪನ ಚಳಿಗಾಲದ ಕೋಟಿನಲ್ಲಿ ಇರ್ತಿತ್ತಲ್ಲ, ಅದೇ."

ಎರ್ವಿನ್ ಕಣ್ಣು ಮುಚ್ಚಿಕೊಂಡು ಅವಳ ಮಾತಿಗೆ ಸರಿಯಾಗಿ ಅಗಿಯುತ್ತಿದ್ದ. "ಆಮೇಲೆ?"

"ಆಮೇಲೆ ಕೊನೇಲಿ ಒಂಚೂರು ಸುಟ್ಟ ಟೈರಿನ ವಾಸನೆ."

ಅಗಿಯುವುದು ನಿಂತಿತು. ಒಂದು ಕಣ್ಣು ಮಾತ್ರ ತೆರೆಯಿತು. "ಸುಳ್ಳು ತಾನೇ?"

"ಸೋಮವಾರ ನನ್ನ ಜೊತೆ ಡಾಕ್ಟರ ಹತ್ರ ಬಾ, ಹೇಳ್ತೀನಿ" ಎಂದು ಲಾವಾನ್ ಅವನ ತಟ್ಟೆಯಿಂದ ಅಂಚಿನ ರುಚಿಕಟ್ಟಾದ ಕರಿ ತುಂಡನ್ನು ಎತ್ತಿಕೊಂಡಳು.