ಎಸ್‌ಡಿಬಿ ಎಂಬ ಹೆಸರು

ಯಾವ ಡಿಸ್ಕಿಗೆ ಯಾವ ಹೆಸರು ಎಂಬ ಘನಗಂಭೀರ ಪ್ರಶ್ನೆ ಆಯುಧಪೂಜೆಯ ಮರುದಿನ ಕಚೇರಿಯನ್ನು ಕಾಡಿತು. ಸರ್ವರಿನ ಹಳೆಯ ಡಿಸ್ಕನ್ನು ಅಳಿಸಬೇಕಿತ್ತು. ಹೊಸದರಲ್ಲಿ ನಿರ್ದೇಶಕರ ಆತ್ಮಕಥೆಯ ಒಂದೇ ಒಂದು ಪ್ರತಿಯಿತ್ತು.

“ಹಳೇದು ಯಾವತ್ತೂ ಎಸ್‌ಡಿಬಿ. ಅಳಿಸಮ್ಮ,” ಎಂದರು ನಿರ್ದೇಶಕರು.

“ಅದು ಡಿಸ್ಕಿನ ಹೆಸರಲ್ಲ ಸರ್, ಜಾಗದ್ದು,” ಎಂದಳು ಇಂಜಿನಿಯರ್ ಶೈಲಶ್ರೀ. “ಮೊದಲ ಸ್ಲಾಟಲ್ಲಿ ಇರೋದು ಎಸ್‌ಡಿಎ, ಎರಡನೇದ್ರಲ್ಲಿ ಇರೋದು ಎಸ್‌ಡಿಬಿ. ಒಳಗೇನಿದೆ ನೋಡ್ಬಿಡ್ಲಾ?”

“ಹೆಸರು ಬದಲಾಗೋಕೆ ಅದಕ್ಕೇನು ಮದುವೆ ಆಯ್ತೇನಮ್ಮ?” ತೆರೆಯ ಮೇಲೆ ಸಿದ್ಧವಿದ್ದ ‘ಎಸ್‌ಡಿಬಿ ಅಳಿಸು’ ಎಂಬ ಆದೇಶಕ್ಕೆ ನಿರ್ದೇಶಕರು ತಾವೇ ಎಂಟರ್ ಒತ್ತಿದರು.

“ನಿನ್ನೆ ಕುಂಕುಮ ಹಚ್ಚಿ ಡಿಸ್ಕುಗಳನ್ನ ವಾಪಸ್ ಸಿಕ್ಕಿಸಿದ್ದು ಯಾರು ಸರ್?”

“ನಾನೇ. ಹಿರಿಯರಿಗೆ ಮೊದಲ ಸ್ಥಾನ ಅಂತ ಹಳೇದನ್ನ ಮೊದಲನೇ ಸ್ಲಾಟಲ್ಲಿ ಕೂರಿಸ್ದೆ.”

ಹಳೆಯ ಡಿಸ್ಕು ಸುರಕ್ಷಿತವಾಗಿದೆ.