ಬೈಯುವ ಗಿರಾಕಿ

ಬಾಗಿಲು ತಟ್ಟುವ ಮೊದಲು ಉಮಾಮಹೇಶ್ವರಿ ಮನೆ ನಂಬರನ್ನು ಮೂರನೇ ಸಲ ನೋಡಿಕೊಂಡಳು. ಭದ್ರಾವತಿಯ ಈ ಬೀದಿಯಲ್ಲಿ ಓಂಕಾರಪ್ಪ ಎನ್ನುವ ಮನುಷ್ಯ ನಿಜವಾಗಿಯೂ ಇರಬೇಕು. ಇಲ್ಲದಿದ್ದರೆ ಶನಿವಾರ ಅವಳ ಕಂಪನಿ ಮುಚ್ಚುತ್ತದೆ.

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ, ಬಟ್ಟೆ ಅಂಗಡಿಯ ಮಹಡಿಯ ಮೇಲೆ ಆ ಕಂಪನಿ. ಒಂಬತ್ತು ಜನ ಕೆಲಸಗಾರರು. ಆ್ಯಪ್ ಬರೆಯುವ ಡೆವಲಪರ್‌ಗಳಿಗೆ ಅದೊಂದು ವೇದಿಕೆ. ಅವರ ಆ್ಯಪ್‌ಗಳಿಂದ ಜನರಿಗೆ ಕನ್ನಡದಲ್ಲಿ ಮೆಸೇಜ್ ಹೋಗುವ ಹಾಗೆ ಮಾಡಿಕೊಡುತ್ತದೆ. ಮೊದಲೆಲ್ಲ ಡೆವಲಪರ್‌ಗಳು ದಿನಕ್ಕೆ ನೂರು ಪ್ರಶ್ನೆ ಕೇಳುತ್ತಿದ್ದರು, ಜಗಳ ತೆಗೆಯುತ್ತಿದ್ದರು. ಎಐ ಬಂದ ಮೇಲೆ ಅವರು ಬರುವುದನ್ನೇ ಬಿಟ್ಟರು. ಅವರ ಎಐ ಬಂದು, ಓದಿ, ಬೇಕಾದ್ದನ್ನು ಎತ್ತಿಕೊಂಡು ಹೋಗುತ್ತಿತ್ತು. ಖಾತೆಗಳ ಸಂಖ್ಯೆ ಹತ್ತು ಪಟ್ಟಾಯಿತು, ಮಾತಾಡುವವರು ಮಾತ್ರ ಇಲ್ಲ. ಊರೆಲ್ಲ ನೆಂಟರು, ಉಣ್ಣೋಕೆ ಮನೆಯಿಲ್ಲ ಎನ್ನುವ ಹಾಗಾಯಿತು.

ಬಂಡವಾಳ ಹಾಕಬೇಕಿದ್ದ ಬೆಂಗಳೂರಿನ ಸಂಸ್ಥೆಯ ಹರಿಪ್ರಸಾದ್ ಇದನ್ನು ಮೊದಲ ದಿನವೇ ಹಿಡಿದರು. ಅವರ ಷರತ್ತು ಒಂದೇ. "ನಿಮ್ಮ ನಲವತ್ತು ಸಾವಿರ ಖಾತೆಗಳಲ್ಲಿ ಒಬ್ಬ ಜೀವಂತ ಮನುಷ್ಯನನ್ನು ತೋರಿಸಿ. ಮೇಲ್ ತೋರಿಸಿದರೆ ಸಾಲದು, ಅದನ್ನು ಯಂತ್ರವೂ ಬರೆಯುತ್ತದೆ. ಶನಿವಾರ ಅವರ ಜೊತೆ ಮಾತಾಡುತ್ತೇನೆ." ಹೊತ್ತು ಯಾವುದಾದರೂ ಸರಿ ಎಂದರು. ಅವರಿಗೆ ಏನೇ ಬರೆದರೂ ನಿಮಿಷದಲ್ಲಿ ಉತ್ತರ, ಭಾನುವಾರವೂ ಅಷ್ಟೇ. ಇಷ್ಟು ದೊಡ್ಡವರಿಗೆ ಎಳ್ಳಷ್ಟೂ ಗರ್ವವಿಲ್ಲವಲ್ಲ ಎಂದು ಉಮಾಮಹೇಶ್ವರಿಗೆ ಗೌರವ ಹುಟ್ಟಿತ್ತು.

ಹುಡುಕಿದಾಗ ಸಿಕ್ಕಿದ್ದು ಒಂದೇ ಹೆಸರು. ದಿನಾ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಓಂಕಾರಪ್ಪನವರಿಂದ ಒಂದು ಬೈಗುಳದ ಮೇಲ್. ಎರಡು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ. ಅವಳ ಅನುಮಾನಕ್ಕೆ ಕಾರಣವೂ ಅದೇ. ಇಷ್ಟು ಶಿಸ್ತಾಗಿ ಬೈಯುವುದು ಮನುಷ್ಯರಿಗೆ ಸಾಧ್ಯವೇ?

"ಫೋನ್ ಮಾಡಿ ಕರೆದ್ರೆ ಸಾಕು ಮೇಡಂ" ಎಂದಿದ್ದ ಕಚೇರಿಯ ಮಧುಸೂದನ. ಅವಳು ಕೇಳಲಿಲ್ಲ. ಮನೆಗೆ ಹೋಗಿ ಕರೆಯದಿದ್ದರೆ ಅದೇನು ಕರೆದ ಹಾಗೆ? ತಟ್ಟೆ, ಎಲೆ ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು ಎಲ್ಲ ಹೊಂದಿಸಿಕೊಂಡು ಬಂದಿದ್ದಳು.

ಬಾಗಿಲು ತೆರೆಯಿತು. ಬನಿಯನ್ ಹಾಕಿಕೊಂಡ ಅರವತ್ತರ ಮನುಷ್ಯ. ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು, ನಿವೃತ್ತಿಯಾದ ಮೇಲೆ ತಾವೇ ಕೋಡಿಂಗ್ ಕಲಿತು, ಕಲ್ಯಾಣ ಮಂಟಪಗಳ ಬುಕಿಂಗಿಗೆ ಒಂದು ಆ್ಯಪ್ ಮಾಡಿದ್ದರು. ಬಂದವಳು ಯಾರೆಂದು ಗೊತ್ತಾದದ್ದೇ ತಡ, ಶುರುವಾಯಿತು.

"ಓ, ನೀವೇನಾ ಅದು? ಅಲ್ಲ ಮಾರಾಯ್ತಿ, ಮುಹೂರ್ತ ಹನ್ನೊಂದೂವರೆಗೆ ಅಂತ ಹಾಕಿದ್ರೆ ನಿಮ್ಮ ಮೆಸೇಜು ಊಟದ ಪಂಕ್ತಿ ಎದ್ದ ಮೇಲೆ ಬರತ್ತಲ್ಲ! ಗಂಡಿನ ಹೆಸರಲ್ಲಿ ಒತ್ತಕ್ಷರನೇ ನುಂಗಿ ಹಾಕ್ತೀರಿ. ಎಲ್ಲ ಬರ್ದಿಟ್ಟಿದೀನಿ, ಮೂವತ್ತೇಳು ತಪ್ಪು!"

ಅವಳಿಗೆ ಅಳು ಬರುವಷ್ಟು ಸಂತೋಷವಾಯಿತು. ಇಂಥ ಸಿಟ್ಟು ಯಾವ ಯಂತ್ರಕ್ಕೂ ಬರುವುದಿಲ್ಲ.

"ಇದನ್ನೇ ಶನಿವಾರ ನಮ್ಮ ಆಫೀಸಿಗೆ ಬಂದು ಹೇಳಿ ಸರ್. ಒಂಬತ್ತು ಜನರ ಅನ್ನ ನಿಮ್ಮ ಬಾಯಲ್ಲಿದೆ" ಎಂದು ತಟ್ಟೆ ನೀಡಿದಳು.

ಓಂಕಾರಪ್ಪ ತಟ್ಟೆ ನೋಡಿದರು. ದನಿ ಇಳಿಯಿತು. ಒಳಗೆ ಹೋಗಿ, ಅಂಗಿ ತೊಟ್ಟು ಬಂದು, ಎರಡೂ ಕೈಯಲ್ಲಿ ತೆಗೆದುಕೊಂಡರು. "ಮನೆತನಕ ಬಂದು ಎಲೆ ಅಡಿಕೆ ಕೊಟ್ಟು ಕರೆದಿದೀರಿ. ಬರ್ತೀನಮ್ಮ."

ಶನಿವಾರ ಹತ್ತಕ್ಕೇ ಬಂದರು. ಬಿಳಿ ಪಂಚೆ, ಹೆಗಲಿಗೆ ಶಲ್ಯ, ಜೇಬಿನಲ್ಲಿ ತಪ್ಪುಗಳ ಪಟ್ಟಿ. ಒಂಬತ್ತು ಜನರೂ ಸುತ್ತ ನಿಂತು ಉಪಚಾರ ಮಾಡಿದರು. ಉಮಾಮಹೇಶ್ವರಿ ಮನೆಯಿಂದ ಮಾಡಿ ತಂದಿದ್ದ ಶಾವಿಗೆ ಉಪ್ಪಿಟ್ಟು, ಕೇಸರಿಭಾತ್ ಬಡಿಸಿದಳು. ಬೇಡ ಬೇಡ ಎಂದರೂ ಬಿಡದೆ ಇನ್ನೊಂದು ಸಲ ಬಡಿಸಿದಳು.

ಹನ್ನೊಂದಕ್ಕೆ ಹರಿಪ್ರಸಾದರ ಕರೆ ಬಂತು. ಕ್ಯಾಮೆರಾ ಹಾಕುವ ಅಭ್ಯಾಸ ಅವರಿಗಿರಲಿಲ್ಲ; ದನಿ ಮಾತ್ರ.

"ನಮಸ್ಕಾರ ಸರ್, ತಿಂಡಿ ಆಯ್ತಾ?" ಎಂದರು ಓಂಕಾರಪ್ಪ.

"ನಮಸ್ಕಾರ. ಈ ವೇದಿಕೆಯಿಂದ ನಿಮಗೆ ಆಗಿರುವ ತೊಂದರೆಗಳೇನು?"

ಓಂಕಾರಪ್ಪನವರ ಕೈ ಜೇಬಿನ ತನಕ ಹೋಯಿತು. ಎದುರಿಗೆ ಎಂಜಲು ತಟ್ಟೆ, ಸುತ್ತ ಒಂಬತ್ತು ಮುಖ. ಕರೆದು ಉಣಬಡಿಸಿದವರನ್ನು ಅವರದೇ ಜಾಗದಲ್ಲಿ ಕೂತು, ಹೊರಗಿನವರ ಮುಂದೆ ಆಡಿಕೊಳ್ಳುವುದೇ? ಉಂಡ ಮನೆಗೆ ಎರಡು ಬಗೆಯುವ ಜಾಯಮಾನ ಅವರದಲ್ಲ. ಕೈ ಹಿಂದೆ ಬಂತು.

"ತೊಂದ್ರೆನಾ? ಏನೂ ಇಲ್ಲ ಸರ್. ಬಂಗಾರದಂಥ ಜನ."

ಉಮಾಮಹೇಶ್ವರಿ 'ಬೈಯಿರಿ' ಎಂದು ಕಾಗದದಲ್ಲಿ ದೊಡ್ಡದಾಗಿ ಬರೆದು ಹಿಡಿದಳು. ಓಂಕಾರಪ್ಪ ಓದಿ, ಎಂಥ ದೊಡ್ಡ ಮನಸ್ಸು ಎಂಬಂತೆ ಅವಳತ್ತ ನೋಡಿ, ಆಗದು ಎಂದು ತಲೆಯಾಡಿಸಿದರು.

"ಮೆಸೇಜ್ ತಡವಾಗುವುದಿಲ್ಲವೇ?"

"ನಮ್ಮೂರ ನೆಟ್‌ವರ್ಕೇ ಸರಿ ಇಲ್ಲ ಸರ್. ಇವರದ್ದೇನೂ ತಪ್ಪಿಲ್ಲ."

"ಒಂದು ಸಣ್ಣ ದೋಷವೂ ಇಲ್ಲವೇ?"

"ದೇವರಾಣೆ ಇಲ್ಲ."

ಕ್ಷಣವೂ ತಡವಿಲ್ಲದೆ ಉತ್ತರ ಬಂತು. "ಒಂದೂ ದೂರಿಲ್ಲದೆ ಹೊಗಳುವುದು ಮನುಷ್ಯರ ಲಕ್ಷಣವಲ್ಲ. ನೀವು ತೋರಿಸಿದ್ದು ಎಐ ದನಿ ಎಂದು ತೀರ್ಮಾನಿಸಿದ್ದೇನೆ. ಬಂಡವಾಳ ಹಾಕುವುದಿಲ್ಲ." ಕರೆ ನಿಂತಿತು.

"ನಾನು ಒಳ್ಳೇದೇ ಹೇಳಿದ್ನಲ್ಲಮ್ಮ" ಎಂದರು ಓಂಕಾರಪ್ಪ. ಅವರ ಮೇಲೆ ಸಿಟ್ಟಾಗಲು ಉಮಾಮಹೇಶ್ವರಿಗೆ ಆಗಲಿಲ್ಲ. ತಾಂಬೂಲ ಕೊಟ್ಟು, ಬಡಿಸಿ, ಅವರ ಬಾಯಿ ಕಟ್ಟಿದವಳು ತಾನೇ.

ಉಳಿದದ್ದು ಒಂದೇ ದಾರಿ. ಈ ಮನುಷ್ಯನನ್ನು ಈಗಲೇ ಕಾರಿಗೆ ಹತ್ತಿಸಿ, ಬೆಂಗಳೂರಿಗೆ ಹೋಗಿ, ಹರಿಪ್ರಸಾದರ ಮುಂದೆ ನಿಲ್ಲಿಸಬೇಕು. ಕಣ್ಣಾರೆ ಕಂಡ ಮೇಲೂ ಯಾರಾದರೂ ಇಲ್ಲವೆನ್ನುತ್ತಾರೆಯೇ? ಬೇಕಾದರೆ ಅವರ ಕಾಲಿಗೂ ಬೀಳುತ್ತೇನೆ ಎಂದುಕೊಂಡಳು. ಆ ಸಂಸ್ಥೆಯ ಕಚೇರಿಗೆ ಫೋನ್ ಮಾಡಿ, ಹರಿಪ್ರಸಾದ್ ಸರ್ ಎದುರು ಐದು ನಿಮಿಷ ನಿಲ್ಲಲು ಅವಕಾಶ ಕೊಡಿ ಎಂದು ಬೇಡಿಕೊಂಡಳು. ಆ ಕಡೆಯ ಹೆಂಗಸು ಕೇಳಿದಳು.

"ಯಾರ ಎದುರು ನಿಲ್ತೀರಿ ಮೇಡಂ? ಹರಿಪ್ರಸಾದ್ ಅನ್ನೋದು ನಮ್ಮ ಎಐಗೆ ಇಟ್ಟಿರೋ ಹೆಸರು."