ಹನ್ನೊಂದು ಮೊಳ

ಅಮ್ಮನ ಮಾತು ಮೀರಿ ಮದುವೆಯಾದ ತಂಗಿಯ ಮನೆಗೆ ಹನ್ನೆರಡು ವರ್ಷಗಳ ಮೇಲೆ ಮೊದಲ ಸಲ ಬಂದ ಅಕ್ಕ, ಗೇಟು ತೆರೆದವಳೇ ಅಲ್ಲೇ ಕುಕ್ಕರಿಸಿದಳು. ಗೇಟಿನ ಬುಡದಿಂದ ನೆಲಕ್ಕಂಟಿ ಹಬ್ಬಿದ್ದ ಬಳ್ಳಿಯ ಎಲೆಗೆ ನಡುವೆ ಬೆಳ್ಳಿ ಬಣ್ಣ, ಅಂಚಿಗಷ್ಟೇ ಹಸಿರು. ಅಮ್ಮನ ಅಂಗಳ ಬಿಟ್ಟರೆ ಬೇರೆಲ್ಲೂ ಅವಳು ಅದನ್ನು ಕಂಡಿರಲಿಲ್ಲ. ಕೈಮುಗಿದು ಕೇಳಿದವರಿಗೂ ಅಮ್ಮ ಒಂದು ಕುಡಿ ಕೊಟ್ಟವರಲ್ಲ. "ಹೊರಗೆ ಬಿಟ್ಟರೆ ಊರನ್ನೇ ನುಂಗುತ್ತೆ" ಎನ್ನುತ್ತ, ಕಾಂಪೌಂಡು ದಾಟಿದ್ದನ್ನೆಲ್ಲ ಕತ್ತರಿಸಿ ಸುಡುತ್ತಿದ್ದರು.

ವರ್ಷಕ್ಕೆ ಒಂದೇ ಮೊಳ, ಆದರೆ ನಿಲ್ಲದೆ ಹಬ್ಬುವ ಬಳ್ಳಿ ಅದು. ಅಕ್ಕ ಮೊಳಕೈ ನೆಲಕ್ಕೂರಿ ಅಳೆಯುತ್ತ ಹೋದಳು. ಮೆಟ್ಟಿಲ ಬುಡ ಮುಟ್ಟುವಾಗ ಹನ್ನೊಂದಾಯಿತು. "ಅವಳ ಹೊಸಿಲು ತುಳಿದರೆ ನೀನು ನನ್ನ ಮಗಳೇ ಅಲ್ಲ" ಎಂದಿದ್ದ ಅಮ್ಮನನ್ನು ತಿಂಗಳಿಗೊಮ್ಮೆ, ಮಂಡಿನೋವಿನ ಔಷಧಿಗೆಂದು, ತಾನೇ ಕೈಹಿಡಿದು ಇದೇ ಊರಿನ ಬಸ್ಸು ಹತ್ತಿಸುತ್ತಿದ್ದಳು.

ಬಾಗಿಲಿಗೆ ಬಂದ ತಂಗಿ ಹೊಸಿಲಲ್ಲೇ ಕೂಗಿದಳು. "ಅಕ್ಕಾ, ನೀನಾ? ನನ್ನ ಹೆಸರೆತ್ತಿದ್ರೆ ಉರಿದುಬೀಳ್ತೀಯ ಅಂತಿದ್ರಲ್ಲ ಅಮ್ಮ! ಒಂದ್ಸಲ ಅಕ್ಕನ್ನ ಕರ್ಕೊಂಡು ಬಾಮ್ಮ ಅಂತ ಎಷ್ಟು ಗೋಗರೆದೆ ಗೊತ್ತಾ?" ಮೆಟ್ಟಿಲಿಳಿಯುತ್ತಲೇ ಗೇಟಿನಾಚೆ ಇಣುಕಿದಳು. "ಅಮ್ಮ ಎಲ್ಲಿ? ಹಿಂದೆ ಬರ್ತಿದಾರಾ?"

"ಅಮ್ಮ ನಮ್ಮನ್ನು ಬಿಟ್ಟು ಹೋದ್ರು ಕಣೇ" ಎಂಬ ಮಾತನ್ನು ತಂಗಿಗೆ ಹೇಗೆ ಹೇಳಲಿ ಎಂದು ದಾರಿಯುದ್ದಕ್ಕೂ ಅತ್ತುಕೊಂಡೇ ಬಂದಿದ್ದ ಅಕ್ಕ, ಕೈಗಂಟಿದ ಮಣ್ಣು ಕೊಡವಿ ಎದ್ದು ನಿಂತಳು.

"ಸತ್ತಳು" ಎಂದಳು.